ನಮ್ಮ ದೊಡ್ಡಪ್ಪನವರ ಲಘು-ಗುರು

ಮನೆಯ ಹಿರಿಯರು ಬಿಟ್ಟುಹೋದ ಹಳೆಯ ಕಾಗದಪತ್ರಗಳನ್ನು ಜೋಪಾನಮಾಡುವ ವಿಷಯವಾಗಿ ಕಳೆದ ತಿಂಗಳು ಈ ಪುಟಗಳಲ್ಲಿ ನಾಲ್ಕು ಮಾತು ಬರೆದಿದ್ದೆನಷ್ಟೆ. ಅದನ್ನೋದಿದ ಕೊರಟಗೆರೆಯ ಸೋದರಿಯೊಬ್ಬರು ಒಂದು ಪತ್ರ ಬರೆದಿರುವರು. “ಕಾಗದಗಳಿದ್ದವರೇನೋ ಜೋಪಾನ ಮಾಡಿಯಾರು. ನಮ್ಮ ತಾತನವರು ದೇಶವೆಲ್ಲ ಸುತ್ತಿ ಬಂದವರು. ಆದರೆ ಒಂದು ಚೀಟಿಯನ್ನೂ ಬರೆದಿಡಲಿಲ್ಲ. ನಮ್ಮಂಥವರು ಏನು ಮಾಡಬೇಕು?” ಎಂಬುದು ಅವರ ಪ್ರಶ್ನೆ. ಪ್ರಶ್ನೆ ಯೋಗ್ಯವಾದುದೇ. ಇದಕ್ಕೆ ಉಪದೇಶರೂಪವಾದ ಉತ್ತರ ಕೊಡುವ ಅಧಿಕಾರ ನನಗಿಲ್ಲ; ಏಕೆಂದರೆ ಈ ವಿಷಯದಲ್ಲಿ ನಾನೇ ತಪ್ಪಿದವನು. ಆದುದರಿಂದ ನನ್ನ ತಪ್ಪನ್ನೇ ಈ ಸಲ ವಾಚಕರ ಮುಂದಿಡುವೆನು. ಅದರಿಂದ ಯಾರಿಗಾದರೂ ಪ್ರಯೋಜನವಾದರೆ ಬರೆದುದು ಸಾರ್ಥಕ.

ನಮ್ಮ ತಂದೆಯವರ ಅಣ್ಣಂದಿರು ಹುಟ್ಟಿದ್ದು 1924ರಲ್ಲಿ, ಮಧುಗಿರಿಯಲ್ಲಿ. ಊರಿನ ಮೇಲೆ ಒಂದೇ ಕಲ್ಲಾಗಿ ಎದ್ದು ನಿಂತಿರುವ ಆ ಬೆಟ್ಟವನ್ನು ಕಂಡವರು ಮರೆಯಲಾರರು. ಅದರ ನೆರಳಿನಲ್ಲಿ ಬೆಳೆದ ಹುಡುಗ, ಎಸ್.ಎಸ್.ಎಲ್.ಸಿ. ಮುಗಿಸಿ, ಮನೆಯಲ್ಲಿ ಹೇಳದೆ ತುಮಕೂರಿಗೆ ನಡೆದು, ಅಲ್ಲಿಂದ ರೈಲುಹತ್ತಿ ಬೆಂಗಳೂರಿಗೆ ಹೋಗಿ 1943ರಲ್ಲಿ ಸೈನ್ಯಕ್ಕೆ ಸೇರಿದನು. ಯುದ್ಧಕಾಲದ ದುಬಾರಿಯಲ್ಲಿ ಮನೆಯಲ್ಲಿ ಉಣ್ಣುವ ಬಾಯಿಗಳು ಹೆಚ್ಚು, ದುಡಿಯುವ ಕೈಗಳು ಕಡಮೆ. ಇಂಗ್ಲಿಷ್ ಬಲ್ಲ ಹುಡುಗನೆಂದು ಅವರನ್ನು ಸಿಗ್ನಲ್ ದಳಕ್ಕೆ ಆರಿಸಿಕೊಂಡರು. ಕೋವಿ ಹಿಡಿದು ಕಾದುವವರ ಹಿಂದೆ ನಿಂತು, ಒಂದು ಪಾಳೆಯದ ಮಾತನ್ನು ಇನ್ನೊಂದು ಪಾಳೆಯಕ್ಕೆ ಮುಟ್ಟಿಸುವುದು ಈ ದಳದ ಕೆಲಸ. ಭಾರತದಲ್ಲಿ ಇದು ಪ್ರತ್ಯೇಕ ದಳವಾದುದು 1911ರ ಫೆಬ್ರವರಿ 15ರಂದು. “ತೀವ್ರ ಚೌಕಸ್” ಎಂಬುದು ಇಂದು ಅದರ ಧ್ಯೇಯವಾಕ್ಯ; ಬೇಗ ಮುಟ್ಟಿಸು, ಎಚ್ಚರ ತಪ್ಪಬೇಡ ಎಂದು ತಾತ್ಪರ್ಯ. ಜಬ್ಬಲ್ಪುರದಲ್ಲಿ ತರಬೇತಿ ಹೊಂದಿ, ಬರ್ಮಾದ ಕಾಡುಗಳನ್ನು ಕಂಡು, ಯುದ್ಧ ಮುಗಿದ ಮೇಲೆ ಇನ್ನೇನು ಊರಿಗೆ ಹೊರಡುವೆನೆಂದು ಎಣಿಸಿಕೊಂಡಿದ್ದಾಗ ಅವರಿಗೆ ಬಂದ ಆಜ್ಞೆ ಜಪಾನಿಗೆ ಹೋಗಬೇಕೆಂದು.

ಯುದ್ಧಾನಂತರ ಸೋತ ದೇಶಗಳಲ್ಲಿ ಗೆದ್ದವರ ಸೈನ್ಯ ನೆಲಸುವುದು ಆ ಕಾಲದ ಪದ್ಧತಿಯಾಗಿದ್ದಿತು. ಜರ್ಮನಿಯನ್ನು ನಾಲ್ಕು ಪಾಲುಮಾಡಿ ನಾಲ್ಕು ರಾಷ್ಟ್ರಗಳು ಹಂಚಿಕೊಂಡವು; ಅಲ್ಲಿಯೂ ಇಂಥ ಚಿಕ್ಕಚಿಕ್ಕ ಸಂದೇಶದಳಗಳು ಪಾಳುಬಿದ್ದ ಊರುಗಳ ನಡುವೆ ತಂತಿ ಎಳೆದು ಕುಳಿತುವು. ಜಪಾನಿನಲ್ಲಿ ಮುಖ್ಯಾಧಿಕಾರ ಅಮೆರಿಕದವರದು. ಆದರೆ ಪಶ್ಚಿಮದ ಹಿರೋಷಿಮಾ, ಓಕಯಾಮ, ಯಮಗುಚಿ, ಶಿಮಾನೆ, ತೊಟ್ಟೊರಿ ಪ್ರಾಂತಗಳೂ ಶಿಕೋಕು ದ್ವೀಪವೂ ಬ್ರಿಟಿಷ್ ಕಾಮನ್‌ವೆಲ್ತ್ ಸೈನ್ಯದ ಪಾಲಿಗೆ ಬಂದಿದ್ದುವು. ಆಸ್ಟ್ರೇಲಿಯ, ನ್ಯೂಜಿಲೆಂಡ್, ಬ್ರಿಟನ್ ಮತ್ತು ಭಾರತದ ಯೋಧರು ಅದರಲ್ಲಿದ್ದರು. ಭಾರತದ ಬ್ರಿಗೇಡು 268ನೆಯದು. 1946ರಲ್ಲಿ ಅದರ ನಾಯಕರು ನಮ್ಮ ಕೊಡಗಿನವರೇ ಆದ ಕೆ. ಎಸ್. ತಿಮ್ಮಯ್ಯನವರು. ಮುಂದೆ 1957ರಿಂದ 1961ರವರೆಗೆ ಭಾರತದ ಭೂಸೇನೆಯ ಮುಖ್ಯಸ್ಥರಾಗಿ, 1965ರಲ್ಲಿ ಸೈಪ್ರಸ್ ದ್ವೀಪದಲ್ಲಿ ವಿಶ್ವಸಂಸ್ಥೆಯ ಸೇವೆಯಲ್ಲಿದ್ದಾಗಲೇ ದೇಹಬಿಟ್ಟ ಮಹನೀಯರು ಇವರೇ. “ಅವರನ್ನು ಒಂದು ಸಲ ಹತ್ತಿರದಿಂದ ಕಂಡೆ. ಎತ್ತರದ ಆಳು. ಕನ್ನಡದಲ್ಲಿ ಮಾತನಾಡಿಸಬೇಕೆಂದು ಆಸೆಯಾಯಿತು; ಸಿಪಾಯಿಗೆ ಅಷ್ಟು ಧೈರ್ಯವೆಲ್ಲಿಯದು?” ಎಂದು ದೊಡ್ಡಪ್ಪನವರು ನಗುತ್ತಿದ್ದರು.

ಅವರು ಹಡಗಿನಿಂದಿಳಿದ ಬಂದರು ಕುರೆ. ಅಲ್ಲಿಂದ ಹಿರೋಷಿಮಾ ಬಹು ದೂರವಲ್ಲ. 1945ರ ಆಗಸ್ಟ್ 6ರಂದು ಆ ನಗರದ ಮೇಲೆ ಅಣುಬಾಂಬು ಬಿದ್ದು ಆಗಿನ್ನೂ ವರ್ಷ ತುಂಬಿರಲಿಲ್ಲ. ಹಿರೋಷಿಮಾ ಹೇಗಿತ್ತೆಂದು ನಾನು ಹುಡುಗತನದಲ್ಲಿ ಎಷ್ಟೋ ಸಲ ಕೇಳಿದ್ದೇನೆ. ಅವರು ಹೇಳಿದುದು ಒಂದೇ ಮಾತು: “ಅಲ್ಲಿ ನೆರಳೇ ಇರಲಿಲ್ಲ, ಮಗು. ನಿಲ್ಲೋಣವೆಂದರೆ ಒಂದು ಗೋಡೆಯಿಲ್ಲ, ಒಂದು ಮರವಿಲ್ಲ.” ಪಾವಗಡದ ಸೀಮೆಯ ಬೇಸಗೆಯನ್ನು ಕಂಡವನಿಗೆ ನೆರಳಿಲ್ಲವೆಂದರೆ ಏನೆಂದು ಗೊತ್ತು. ಆದರೂ ಆ ಮಾತಿನ ಅರ್ಥ ನನಗೆ ಬಹುಕಾಲ ತಿಳಿಯಲಿಲ್ಲ.

ಅವರ ತುಕಡಿ ನೆಲಸಿದ್ದು ಮಾತ್ಸುಎ ಎಂಬ ಊರಿನಲ್ಲಿ. ದೊಡ್ಡದೊಂದು ಸರೋವರದ ದಡ. ಮರದ ಕಪ್ಪು ಕೋಟೆ. ಬಾಂಬುಗಳ ಹಾವಳಿಗೆ ಅಷ್ಟಾಗಿ ಸಿಕ್ಕದ ಹಳೆಯ ಬೀದಿಗಳು. ಸಂದೇಶದ ಕೊಠಡಿಯಲ್ಲಿ ಒಂದು ಟೆಲಿಫೋನ್ ಹಲಗೆ, ಎರಡು ನಿಸ್ತಂತು ಯಂತ್ರಗಳು, ಬ್ಯಾಟರಿಗಳ ಸಾಲು, ಒಂದು ಮೇಜು. ಪಂಜಾಬಿನವನೊಬ್ಬ, ಬಂಗಾಳದವನೊಬ್ಬ, ತಮಿಳರಿಬ್ಬರು, ನಮ್ಮ ದೊಡ್ಡಪ್ಪ; ಪಾಳಿಯ ಮೇಲೆ ಹಗಲಿರುಳು ಯಾರಾದರೊಬ್ಬರು ಕಿವಿಗೆ ಕಟ್ಟಿಕೊಂಡು ಕುಳಿತಿರಲೇಬೇಕು. ಹೋಗಿ ಬರುವ ಸಂದೇಶಗಳಾದರೋ ವೀರಗಾಥೆಗಳಲ್ಲ: ಇಷ್ಟು ಮೂಟೆ ಹಿಟ್ಟು ಬೇಕು, ಅಲ್ಲಿ ಹೂತಿಟ್ಟ ಮದ್ದುಗುಂಡು ಸಿಕ್ಕಿತು, ಹೊರದೇಶಗಳಿಂದ ಹಿಂದಿರುಗುವ ಜಪಾನೀಯರ ಹಡಗು ಇಂಥ ದಿನ ಬರುವುದು, ಹಿಮ ಬಿದ್ದು ದಾರಿ ಮುಚ್ಚಿದೆ. ಮಧುಗಿರಿಯವರಿಗೆ ಹಿಮವೆಲ್ಲಿ ಗೊತ್ತು? ಮೊದಲ ದಿನ ಅದು ತಂತಿಯ ಮೇಲೆ ಕೂತು ತಂತಿ ಜೋತುಬಿದ್ದುದನ್ನು ಕಂಡು, ಯಾರೋ ಹತ್ತಿಯನ್ನು ಒಣಗಹಾಕಿದ್ದಾರೆಂದು ತಿಳಿದರಂತೆ. ಊರಿನವರೊಡನೆ ಸೈನಿಕರು ಬಳಕೆ ಬೆಳೆಸಕೂಡದೆಂಬ ನಿಯಮ ಕಟ್ಟುನಿಟ್ಟಾಗಿದ್ದಿತು. ಆದುದರಿಂದ ನೆರೆಮನೆಯವರ ಹೆಸರು ತಿಳಿಯದೆಯೇ ಅಲ್ಲಿ ಒಂದು ವರ್ಷ ಕಳೆದರು. ಅವರಿಗೆ ನೆರೆಯವನೆಂದರೆ ಓಕಯಾಮದಲ್ಲಿ ಯಂತ್ರದ ಮುಂದೆ ಕುಳಿತಿದ್ದ ಒಬ್ಬ. ಅವನ ಮುಖವನ್ನು ಒಂದು ದಿನವೂ ಕಂಡವರಲ್ಲ.

ಇಲ್ಲಿ ಆ ವಿದ್ಯೆಯ ವಿಷಯವನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕು. ಮೋರ್ಸ್ ಸಂಕೇತವೆಂದು ಅದರ ಹೆಸರು. ಸ್ಯಾಮ್ಯುಅಲ್ ಮೋರ್ಸ್ ಎಂಬ ಅಮೆರಿಕದ ಚಿತ್ರಕಾರನು 1844ರ ಮೇ 24ರಂದು ವಾಷಿಂಗ್ಟನ್ನಿನಿಂದ ಬಾಲ್ಟಿಮೋರಿಗೆ ತಂತಿಯಲ್ಲಿ ಮೊದಲ ಸಂದೇಶವನ್ನು ಕಳುಹಿಸಿದನು. ಆದರೆ ಜಗತ್ತೆಲ್ಲ ಬಳಸುವ ಸಂಕೇತ ಆತನದೇ ಅಲ್ಲ. ಅದನ್ನು 1848ರಲ್ಲಿ ತಿದ್ದಿ ಸುಗಮಗೊಳಿಸಿದವನು ಜರ್ಮನಿಯ ಹಾಂಬುರ್ಗ್ ನಗರದ ಗೆರ್ಕೆ ಎಂಬಾತ. 1865ರಲ್ಲಿ ಹಲವು ರಾಷ್ಟ್ರಗಳು ಕೂಡಿ, ಆ ತಿದ್ದಿದ ರೂಪದ ಮೇಲೆಯೇ ಒಂದು ಸಾಮಾನ್ಯ ಸಂಕೇತವನ್ನು ಒಪ್ಪಿಕೊಂಡುವು. ಅದರಲ್ಲಿರುವುದು ಎರಡೇ ನಾದ: ಚಿಕ್ಕದೊಂದು, ದೊಡ್ಡದೊಂದು. ಒಂದು ನಾದದಿಂದ ಎರಡು ಅಕ್ಷರ, ಎರಡರಿಂದ ನಾಲ್ಕು, ಮೂರರಿಂದ ಎಂಟು, ನಾಲ್ಕರಿಂದ ಹದಿನಾರು, ಒಟ್ಟು ಮೂವತ್ತು. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಇಷ್ಟು ಸಾಕಾಗಿ ನಾಲ್ಕು ಮಿಗುತ್ತವೆ.

ನನಗೆ ಹನ್ನೆರಡು ವರ್ಷವಾಗಿದ್ದಾಗ, ಎಂದರೆ 1977ರಲ್ಲಿ, ಮನೆಯಲ್ಲಿ ವೃತ್ತರತ್ನಾಕರದ ಪಾಠ ನಡೆಯುತ್ತಿದ್ದಿತು. ಯಗಣ, ಮಗಣ, ತಗಣಗಳನ್ನು ನಾನು ಬಾಯಿಪಾಠ ಮಾಡುತ್ತಿದ್ದುದನ್ನು ಜಗಲಿಯ ಮೇಲೆ ಕುಳಿತು ಕೇಳುತ್ತಿದ್ದ ದೊಡ್ಡಪ್ಪನವರು ಒಂದು ದಿನ ಒಳಗೆ ಬಂದು, “ಲೋ ಮಗು, ನಿನ್ನ ಎಂಟು ಗಣವೂ ನನ್ನ ಹತ್ತಿರ ಇವೆ, ಬಾರೋ” ಎಂದರು. ಸಂಸ್ಕೃತ ಅರಿಯದ ದೊಡ್ಡಪ್ಪನವರ ಹತ್ತಿರ ಗಣಗಳೆಲ್ಲಿಂದ ಬಂದುವೆಂದು ನಾನು ನಕ್ಕೆನು. ಅವರು ಮಣೆಯ ಅಂಚನ್ನು ಹಿಡಿದು, ಬೆರಳಿನಿಂದ ತಟ್ಟಿದರೆ ಲಘು, ಉಗುರಿನಿಂದ ಎಳೆದರೆ ಗುರು ಎಂದು ಗೊತ್ತುಮಾಡಿಕೊಂಡು ಹೇಳುತ್ತ ಹೋದರು. ಮೂರು ಲಘುಗಳ ನಗಣವೆಂದರೆ ಇಂಗ್ಲಿಷಿನ ‘ಎಸ್’. ಮೂರು ಗುರುಗಳ ಮಗಣ ‘ಓ’. ಆದಿಗುರುವಾದ ಭಗಣ ‘ಡಿ’. ಆದಿಲಘುವಾದ ಯಗಣ ‘ಡಬ್ಲ್ಯು’. ನಡುವೆ ಗುರುವುಳ್ಳ ಜಗಣ ‘ಆರ್’, ನಡುವೆ ಲಘುವುಳ್ಳ ರಗಣ ‘ಕೆ’. ಕೊನೆಗೆ ಗುರುವಾದರೆ ಸಗಣ, ಅದು ‘ಯು’. ಕೊನೆಗೆ ಲಘುವಾದರೆ ತಗಣ, ಅದು ‘ಜಿ’. ಎಂಟಕ್ಕೆ ಎಂಟೂ ಸರಿಹೋಯಿತು. ಮುಳುಗುವ ಹಡಗಿನವರು ರಕ್ಷಿಸಿರೆಂದು ಕೂಗುವ ಪ್ರಸಿದ್ಧವಾದ ಸಂಕೇತ ನಗಣ-ಮಗಣ-ನಗಣವೆಂದು ತಿಳಿದಾಗ ನನಗಾದ ಬೆರಗು ಇನ್ನೂ ಮಾಸಿಲ್ಲ.

ಎಲ್ಲವೂ ನಮ್ಮ ಪೂರ್ವಿಕರಲ್ಲೇ ಇತ್ತೆಂದು ಮೀಸೆ ತಿರುವುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಪಿಂಗಳನು ತಂತಿಯನ್ನು ಕಂಡವನಲ್ಲ, ಮೋರ್ಸನು ಛಂದಸ್ಸನ್ನು ಓದಿದವನಲ್ಲ. ಎರಡು ಬಗೆಯ ವಸ್ತುವನ್ನು ಮೂರುಮೂರಾಗಿ ಜೋಡಿಸಿದರೆ ಎಲ್ಲಿಯೂ ಎಂಟೇ ಆಗುವುದು. ಪ್ರಸ್ತಾರದ ನಿಯಮ ಎಲ್ಲ ದೇಶಗಳಿಗೂ ಒಂದೇ. ಆದರೂ ಒಂದು ಸ್ವಾರಸ್ಯವಿದೆ. ನಮ್ಮ ಗುರುವಿಗೆ ಎರಡು ಮಾತ್ರೆ. ಮೋರ್ಸಿನ ದೀರ್ಘನಾದ ಹ್ರಸ್ವದ ಮೂರರಷ್ಟು. ಎಂದರೆ ಅದು ಗುರುವಲ್ಲ, ಪ್ಲುತ. ದೂರದಲ್ಲಿರುವವನನ್ನು ಕೂಗಿ ಕರೆಯುವಾಗ ಕೊನೆಯ ಸ್ವರವನ್ನು ಪ್ಲುತಮಾಡಬೇಕೆಂದು ಪಾಣಿನಿಯೇ ವಿಧಿಸಿದ್ದಾನೆ. ದೂರದ ಕರೆಗೆ ಮೂರು ಮಾತ್ರೆಯ ನಾದವೇ ಬೇಕೆಂಬುದು ಇಬ್ಬರಿಗೂ ಹೊಳೆದುದನ್ನು ನೆನೆದರೆ ನನಗೆ ಈಗಲೂ ಸಂತೋಷವಾಗುತ್ತದೆ.

ಹೀಗೆ ಒಂದು ಬೇಸಗೆ ರಜದಲ್ಲಿ ದೊಡ್ಡಪ್ಪನವರು ನನಗೆ ಇಪ್ಪತ್ತಾರು ಅಕ್ಷರಗಳನ್ನೂ ಕಲಿಸಿದರು. ಮಣೆಯ ಮೇಲೆ ಅವರು ತಟ್ಟುವುದು, ನಾನು ಬರೆಯುವುದು. ನಾಲ್ಕು ವಾರದಲ್ಲಿ ನಿಮಿಷಕ್ಕೆ ಐದಾರು ಪದ ಹಿಡಿಯುತ್ತಿದ್ದೆ. ಅವರ ವೇಗ ಇಪ್ಪತ್ತು. ಬಳಿಕ ಶಾಲೆ ತೆರೆಯಿತು. ಗೆಳೆಯರು, ಪರೀಕ್ಷೆ, ಕ್ರಿಕೆಟ್ಟಿನ ಗೀಳು. “ಇವತ್ತು ಕೂರೋಣವೇನೋ?” ಎಂದು ಅವರು ಜಗಲಿಯಿಂದ ಕೇಳುವರು, “ನಾಳೆ, ದೊಡ್ಡಪ್ಪ” ಎಂದು ನಾನು ಹಾರಿಹೋಗುವೆನು. ಆ ನಾಳೆ ಬರಲೇ ಇಲ್ಲ. ಅವರೂ ಕೆಲವು ದಿನ ಕೇಳಿ ಬಿಟ್ಟರು.

ಈಗ ಅವರ ಜೀವನದ ಒಂದು ಸಂಗತಿಯನ್ನು ಹೇಳಬೇಕು. ಮಗ ದಂಡಿಗೆ ಹೋದನೆಂದು ತಿಳಿದಂದಿನಿಂದ ನಮ್ಮ ಅಜ್ಜಿ ಮಧುಗಿರಿಯ ದಂಡಿನ ಮಾರಮ್ಮನಿಗೆ ಹರಕೆ ಹೊತ್ತಿದ್ದರು. ದಂಡಿಗೆ ಹೋದವನನ್ನು ದಂಡಿನ ತಾಯಿಯೇ ಕಾಯಬೇಕೆಂಬುದು ಅವರ ನಂಬಿಕೆ. ಮಗ ಹಿಂದಿರುಗಿದ ದಿನ ಮೀಸಲುನೀರು ತಂದು ದೇವಿಗೆ ತಂಬಿಟ್ಟಿನಾರತಿ ಮಾಡುವೆನೆಂದು ಹೇಳಿಕೊಂಡಿದ್ದರು. ದಿನವೂ ಅಂಚೆಯವನು ಬೀದಿಯ ತಿರುವಿಗೆ ಬರುವ ಹೊತ್ತಿಗೆ ಬಾಗಿಲಲ್ಲಿರುತ್ತಿದ್ದರಂತೆ. 1946ರ ಕಾರ್ತಿಕದಲ್ಲಿ ಜ್ವರ ಬಂದು ಒಂದು ವಾರದಲ್ಲಿ ತೀರಿಕೊಂಡರು. ಜ್ಯೇಷ್ಠಪುತ್ರನು ಮಾಡಬೇಕಾದ ಕರ್ಮಗಳನ್ನು ಹದಿನಾರು ವರ್ಷದ ನಮ್ಮ ತಂದೆಯವರು ಮಾಡಿದರು. ಆ ದಿನಗಳಲ್ಲಿ ದಂಡಿನವನ ವಿಳಾಸವೆಂದರೆ ಒಂದು ಸಂಖ್ಯೆ ಮಾತ್ರ. ಆತ ಯಾವ ಊರಿನಲ್ಲಿರುವನೆಂಬುದು ಮನೆಯವರಿಗೆ ತಿಳಿಯದು. ತಾತನವರು ಒಂದು ಕಾಗದ ಬರೆದು ಅಂಚೆಗೆ ಹಾಕಿದರು.

ಆ ಕಾಗದ ದಾರಿಯಲ್ಲಿದ್ದಾಗಲೇ, ಡಿಸೆಂಬರ್ 21ರ ಬೆಳಗಿನ ಜಾವ ನಾಲ್ಕು ಗಂಟೆಯ ಮೇಲೆ ಪಶ್ಚಿಮ ಜಪಾನಿನಲ್ಲಿ ಮಹಾಭೂಕಂಪವಾಯಿತು. ಸಾವಿರಕ್ಕೂ ಹೆಚ್ಚು ಜನ ಸತ್ತರು. ಓಕಯಾಮದ ಕಡೆಯ ತಂತಿ ಸತ್ತುಹೋಯಿತು. ದೊಡ್ಡಪ್ಪನವರು ನಿಸ್ತಂತು ಯಂತ್ರದ ಮುಂದೆ ಕುಳಿತು ಗಂಟೆಗಟ್ಟಲೆ ಕರೆದರಂತೆ. ಕಡೆಗೆ ಕ್ಷೀಣವಾಗಿ ಉತ್ತರ ಬಂದಿತು. ಕೀಲಿಯನ್ನು ಒತ್ತುವ ರೀತಿ ಒಬ್ಬೊಬ್ಬನದು ಒಂದೊಂದು ಬಗೆ. ದನಿಯಿಂದ ಆಳನ್ನು ಗುರುತಿಸುವಂತೆ ಆ ವಿದ್ಯೆ ಬಲ್ಲವರು ಕೈಯಿಂದ ಆಳನ್ನು ಗುರುತಿಸಬಲ್ಲರು. “ಅವನ ಕೈ ಎಂದು ತಿಳಿದೊಡನೆ, ಬದುಕಿದ್ದಾನಲ್ಲಾ ಎಂದು ಕಣ್ಣಲ್ಲಿ ನೀರು ಬಂತು” ಎನ್ನುತ್ತಿದ್ದರು. ಆತ ತಮಿಳುಸೀಮೆಯವನು, ಇವರ ವಯಸ್ಸಿನವನು ಎಂಬಷ್ಟೇ ಇವರಿಗೆ ಗೊತ್ತು.

ತಾಯಿಯ ಮರಣದ ಕಾಗದ ಕೈಗೆ ಬಂದುದು 1947ರ ಜನವರಿಯಲ್ಲಿ, ಹದಿಮೂರನೆಯ ದಿನ ಕಳೆದು ತಿಂಗಳ ಮೇಲೆ. ಪಾಳಿಗೆ ಕೂರುವ ಮೊದಲು ಓದಿದರು. ಮಡಿಚಿ ಜೇಬಿನಲ್ಲಿಟ್ಟುಕೊಂಡು ಕೀಲಿಯ ಮುಂದೆ ಕುಳಿತರು. ದಿನಕ್ಕೆ ನೂರಾರು ಮಾತುಗಳನ್ನು ಕ್ಷಣಮಾತ್ರದಲ್ಲಿ ಊರಿಂದೂರಿಗೆ ದಾಟಿಸುವವನಿಗೆ, ಬೇಕಾದ ಒಂದು ಮಾತು ಅಷ್ಟು ದಿನ ತಡವಾಗಿ ಬಂದಿತ್ತು. ಎರಡು ಸಂದೇಶ ಕಳುಹಿಸಿದ್ದರೋ ಇಲ್ಲವೋ, ಆ ಕಡೆಯಿಂದ ಓಕಯಾಮದವನು ನಡುವೆ ತಡೆದು, “ಇಂದು ನಿನ್ನ ಕೈ ನಿನ್ನದಾಗಿಲ್ಲ, ಏನಾಯಿತು?” ಎಂದು ಕೇಳಿದನು. ಕರ್ತವ್ಯದ ವೇಳೆಯಲ್ಲಿ ಹರಟೆ ನಿಷಿದ್ಧ. ಇವರು “ತಾಯಿ” ಎಂಬ ಅರ್ಥದ ಒಂದೇ ಪದ ಕಳುಹಿಸಿದರು. ಅವನು ‘ಆರ್’ ಎಂದನು. ಆ ವಿದ್ಯೆಯಲ್ಲಿ ‘ಆರ್’ ಎಂದರೆ ನಿನ್ನ ಸಂದೇಶ ನನಗೆ ಮುಟ್ಟಿತು ಎಂದರ್ಥ. ಆಮೇಲೆ ಒಂದೆರಡು ನಿಮಿಷ ಅವನು ಏನನ್ನೂ ಕಳುಹಿಸಲಿಲ್ಲ, ಇವರೂ ಕಳುಹಿಸಲಿಲ್ಲ. ಬಳಿಕ ಹಿಟ್ಟಿನ ಮೂಟೆಗಳ ಲೆಕ್ಕ ಮುಂದುವರಿಯಿತು.

ಪಾಳಿ ಮುಗಿದ ಮೇಲೆ ಸರೋವರಕ್ಕೆ ಹೋಗಿ, ಕೊರೆಯುವ ನೀರಿನಲ್ಲಿ ಮುಳುಗಿ, ದಕ್ಷಿಣಕ್ಕೆ ಮುಖಮಾಡಿ ಮೂರು ಬೊಗಸೆ ನೀರು ಬಿಟ್ಟರು. ಮಂತ್ರ ಬಾರದು, ಅಮ್ಮ, ಅಮ್ಮ, ಅಮ್ಮ ಎಂದಷ್ಟೇ ಅಂದರಂತೆ. ದಡದಲ್ಲಿ ಚಿಪ್ಪು ಆಯುತ್ತಿದ್ದ ಮುದುಕಿಯೊಬ್ಬಳು ಬುಟ್ಟಿ ಕೆಳಗಿಟ್ಟು ಕೈಮುಗಿದು ನಿಂತಳು. ನಿಯಮವಿದ್ದುದರಿಂದ ಇವರು ಮಾತನಾಡಿಸಲಿಲ್ಲ; ಭಾಷೆಯೂ ಬಾರದು. ಆಕೆಯ ಮನೆಯಲ್ಲಿ ಯಾರು ಸತ್ತಿದ್ದರೋ.

1947ರಲ್ಲಿ ಭಾರತದ ಸೈನ್ಯ ಜಪಾನನ್ನು ಬಿಟ್ಟಿತು. ಊರಿಗೆ ಬಂದ ದೊಡ್ಡಪ್ಪನವರು ತಾಯಿ ಹೊತ್ತ ಹರಕೆಯನ್ನು ತಂಗಿಯ ಕೈಯಿಂದ ತೀರಿಸಿದರು. ಕಲಿತ ವಿದ್ಯೆ ವ್ಯರ್ಥವಾಗಲಿಲ್ಲ. ಅಂಚೆ-ತಂತಿ ಇಲಾಖೆಯಲ್ಲಿ ಕೆಲಸ ಸಿಕ್ಕಿ ಕೊರಟಗೆರೆ, ಶಿರಾ, ಪಾವಗಡಗಳನ್ನು ಸುತ್ತಿ, ಕಡೆಗೆ ಮಧುಗಿರಿಯಲ್ಲಿಯೇ ನಿವೃತ್ತರಾದರು. ಇಂದಿನ ಮಕ್ಕಳಿಗೆ ತಂತಿಯೆಂದರೆ ತಿಳಿಯದು. 1850ರ ದಶಕದಲ್ಲಿ ನಮ್ಮ ದೇಶದಲ್ಲಿ ಪ್ರಾರಂಭವಾದ ಆ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತುಹೋಯಿತು. ನಮ್ಮ ಕಾಲದಲ್ಲಿ ಬಾಗಿಲಲ್ಲಿ “ತಂತಿ!” ಎಂಬ ಕೂಗು ಕೇಳಿದರೆ, ಕಾಗದ ಬಿಚ್ಚುವ ಮೊದಲೇ ಹೆಂಗಸರ ಅಳು ಕೇಳುತ್ತಿದ್ದಿತು. “ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮೀಡಿಯೆಟ್ಲಿ” ಎಂದಿದ್ದರೆ ಅದರ ಅರ್ಥ ಎಲ್ಲರಿಗೂ ಗೊತ್ತು.

ಮರಣದ ತಂತಿಗಳನ್ನು ದೊಡ್ಡಪ್ಪನವರು ಆಳಿನ ಕೈಯಲ್ಲಿ ಕಳುಹಿಸದೆ, ಸಾಧ್ಯವಾದಾಗಲೆಲ್ಲ ಸೈಕಲ್ ಹತ್ತಿ ತಾವೇ ಒಯ್ಯುತ್ತಿದ್ದರು. ಪಾವಗಡದ ಸುತ್ತಿನ ಹಳ್ಳಿಗಳಲ್ಲಿ ತೆಲುಗಿನಲ್ಲಿ ಓದಿ ಹೇಳುತ್ತಿದ್ದರು. ಮನೆಯವರು ಊಟಕ್ಕೆ ಕುಳಿತಿದ್ದರೆ ಹೊರಗೇ ಕಾದಿದ್ದು, ಕೈತೊಳೆದ ಮೇಲೆ ತಿಳಿಸುವರು. ಸುದ್ದಿ ತಿಳಿದ ಮೇಲೆ ಆ ದಿನ ಆ ಮನೆಯಲ್ಲಿ ಯಾರೂ ಅನ್ನ ಮುಟ್ಟುವಂತಿಲ್ಲವಷ್ಟೆ. ಒಂದು ಸಲ ಒಬ್ಬ ರೈತನು ಹೀಗೆ ಉಂಡೆದ್ದ ಮೇಲೆ, ಮಗನು ಬೊಂಬಾಯಿಯಲ್ಲಿ ಸತ್ತ ಸುದ್ದಿ ಕೇಳಿ, “ನನ್ನ ಮಗ ಹೆಣವಾಗಿ ಬಿದ್ದಿರುವಾಗ ನನ್ನ ಕೈಲಿ ಅನ್ನ ತಿನ್ನಿಸಿದೆಯಲ್ಲಯ್ಯಾ!” ಎಂದು ಇವರ ಕೊರಳಪಟ್ಟಿ ಹಿಡಿದನಂತೆ. ಅಂದಿನಿಂದ ಕಾಯುವುದನ್ನು ಬಿಟ್ಟರು. “ಅವನು ಹೇಳಿದ್ದೂ ಸರಿಯೇ. ನನ್ನ ತಾಯಿ ಸತ್ತ ಮೇಲೆ ನಾನು ಎಷ್ಟು ಊಟ ಉಂಡಿರಬೇಕು, ನಗುತ್ತ ನಗುತ್ತ! ಮುಟ್ಟಿಸಬೇಕಾದವನು ಮುಟ್ಟಿಸಿಬಿಡಬೇಕು, ಹದ ನೋಡುವುದು ನಮ್ಮ ಕೆಲಸವಲ್ಲ” ಎಂದು ಅವರು ನಮ್ಮ ತಂದೆಯವರೊಡನೆ ಹೇಳಿದುದನ್ನು ನಾನು ಕೇಳಿದ್ದೇನೆ. ಯಾವುದು ಸರಿಯೆಂಬುದನ್ನು ನಾನು ಇನ್ನೂ ನಿರ್ಣಯಿಸಲಾರೆ.

2004ರಲ್ಲಿ, ಎಂಬತ್ತನೆಯ ವಯಸ್ಸಿನಲ್ಲಿ, ದೊಡ್ಡಪ್ಪನವರಿಗೆ ಲಕ್ವ ಹೊಡೆಯಿತು. ಬಲಭಾಗ ಸ್ವಾಧೀನ ತಪ್ಪಿತು, ಮಾತು ನಿಂತಿತು. ಆಸ್ಪತ್ರೆಯಿಂದ ಮನೆಗೆ ತಂದು ಮರದ ಮಂಚದ ಮೇಲೆ ಮಲಗಿಸಿದೆವು. ನೀರು ನೆತ್ತಿಗೇರೀತೆಂಬ ಭಯದಿಂದ ವೈದ್ಯರು ಹೇಳಿದ ಹೊತ್ತಿಗೆ ಹೇಳಿದಷ್ಟನ್ನೇ ಕೊಡುತ್ತಿದ್ದೆವು. ಎಡಗೈಯ ಬೆರಳು ಮಾತ್ರ ಮಂಚದ ಚೌಕಟ್ಟಿನ ಮೇಲೆ ಆಡುತ್ತಲೇ ಇರುತ್ತಿತ್ತು. ನಡುಕವೆಂದು ನಾವೆಲ್ಲ ತಿಳಿದೆವು. ದೊಡ್ಡಮ್ಮನವರು ಆ ಕೈಯನ್ನು ಹಿಡಿದು ನೇವರಿಸಿ ಹೊದಿಕೆಯೊಳಗಿಡುವರು; ಅವರು ಮತ್ತೆ ಹೊರಗೆಳೆಯುವರು. ಹೀಗೆ ಎರಡು ದಿನ ಕಳೆಯಿತು.

ಮೂರನೆಯ ರಾತ್ರಿ ಪಕ್ಕದಲ್ಲಿ ಕುಳಿತು ನಾನು ಶಾಲೆಯ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದೆ. ಛಂದಸ್ಸಿನ ಪ್ರಶ್ನೆಯೊಂದಿದ್ದಿತು, ಗಣವಿಭಾಗ ಮಾಡಿರೆಂದು. ಕಣ್ಣು ಕಾಗದದ ಮೇಲಿದ್ದರೂ ಕಿವಿಗೆ ಮಂಚದ ಸದ್ದು ಬೀಳುತ್ತಿದ್ದಿತು. ಮೆಲ್ಲನೆ ತಟ್ಟುವುದು, ಉಗುರಿನಿಂದ ಎಳೆಯುವುದು, ಮತ್ತೆ ತಟ್ಟುವುದು. ಕ್ಷಣ ಬಿಟ್ಟು ತಟ್ಟುವುದು, ತಟ್ಟುವುದು, ಎಳೆಯುವುದು. ಲಘು-ಗುರು-ಲಘು, ಲಘು-ಲಘು-ಗುರು. ಜಗಣ, ಸಗಣ. ಕೈಯಲ್ಲಿದ್ದ ಪೆನ್ನು ಕೆಳಗೆ ಬಿದ್ದಿತು. ಜಗಣ ‘ಆರ್’, ಸಗಣ ‘ಯು’. ಅದಕ್ಕೆ ಮೊದಲು ಎರಡೆರಡು ನಾದಗಳ ಎರಡು ಅಕ್ಷರಗಳಿದ್ದುವು. ಅವು ನನಗೆ ಮರೆತುಹೋಗಿದ್ದುವು. ಗಣವಾಗಿದ್ದುದು ನೆನಪಿನಲ್ಲಿ ಉಳಿದಿತ್ತು, ಗಣವಲ್ಲದ್ದು ಅಳಿಸಿಹೋಗಿತ್ತು. ಓಡಿಹೋಗಿ ಮಗನ ಸ್ಕೌಟ್ ಪುಸ್ತಕವನ್ನು ಹುಡುಕಿ ತಂದೆ. ಗುರು-ಲಘು ‘ಎನ್’. ಎರಡು ಲಘು ‘ಐ’. ಒಟ್ಟು ಸೇರಿಸಿದರೆ, ಇಂಗ್ಲಿಷ್ ಅಕ್ಷರಗಳಲ್ಲಿ ಅವರು ಕೇಳುತ್ತಿದ್ದುದು “ನೀರು”.

ಮೂರು ದಿನದಿಂದ ಅವರು ಕೇಳುತ್ತಿದ್ದುದು ಅದನ್ನೇ. ಮನೆಯಲ್ಲಿ ಎಂಟು ಜನರಿದ್ದೆವು. ನೀರು ಕೇಳಿದರೆಂದು ತಿಳಿಯುವವರು ಒಬ್ಬರೂ ಇರಲಿಲ್ಲ. ಇರಬೇಕಾಗಿದ್ದವನು ನಾನೊಬ್ಬ, ನಾನು ನಾಳೆ ಎಂದು ಹಾರಿಹೋದವನು.

ತಲೆಯನ್ನೆತ್ತಿ ಹಿಡಿದು ಚಮಚದಿಂದ ಹನಿಹನಿಯಾಗಿ ಬಾಯಿಗೆ ಬಿಟ್ಟೆನು. ಬಳಿಕ ಮಂಚದ ಮೇಲೆ ತಡವರಿಸುತ್ತ, ಪುಸ್ತಕ ನೋಡಿಕೊಂಡು, “ಸಾಕೆ?” ಎಂದು ತಟ್ಟಿದೆ. ಅವರು ಕಣ್ಣರಳಿಸಿ ನನ್ನನ್ನೇ ಬಹುಹೊತ್ತು ನೋಡಿದರು. ಆಮೇಲೆ ಬೆರಳು ಆಡಿತು: ಲಘು, ಗುರು, ಲಘು. ಜಗಣ. ‘ಆರ್’. ಮುಟ್ಟಿತು ಎಂದರ್ಥ.

ಆಮೇಲೆ ಅವರು ಹನ್ನೊಂದು ದಿನ ಬದುಕಿದ್ದರು. ಆ ದಿನಗಳಲ್ಲಿ ಶಾಲೆಗೆ ರಜ ಹಾಕಿ ಪಕ್ಕದಲ್ಲೇ ಕುಳಿತೆನು. ಅವರ ಕೈಯೂ ನಿಧಾನ, ನನ್ನ ಕಿವಿಯೂ ನಿಧಾನ. ಗಂಟೆಗೆ ಹತ್ತು ಪದ ದಾಟಿದರೆ ಹೆಚ್ಚು. ಬೆನ್ನು ನೋವು, ದೀಪ ಆರಿಸು, ದೊಡ್ಡಮ್ಮ ಉಂಡಳೇ ಎಂಬಂಥ ಮಾತುಗಳು. ಓಕಯಾಮದ ಗೆಳೆಯನ ಹೆಸರೇನೆಂದು ಒಂದು ದಿನ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಮೂರು ಅಕ್ಷರಗಳನ್ನು ತಟ್ಟಿದರು, ನಿದ್ದೆಹೋದರು. ಅದು ಹೆಸರಿನ ಮೊದಲೋ, ಪೂರ್ತಿ ಹೆಸರೋ ತಿಳಿಯಲಿಲ್ಲ. ಮತ್ತೆ ಕೇಳುವ ಸಂದರ್ಭ ಬರಲಿಲ್ಲ. ಹಿರೋಷಿಮಾದ ವಿಷಯ, ಬರ್ಮಾದ ವಿಷಯ, ಆ ಸರೋವರದ ಮುದುಕಿಯ ವಿಷಯ ಇನ್ನೂ ಕೇಳಬೇಕಾದುದು ಎಷ್ಟೋ ಇದ್ದಿತು. ಬಾಯಿ ಚೆನ್ನಾಗಿದ್ದ ಐವತ್ತು ವರ್ಷ ಜಗಲಿಯ ಮೇಲೆ ಕುಳಿತು ನಮ್ಮನ್ನು ಕರೆಯುತ್ತಿದ್ದವರನ್ನು ಬಿಟ್ಟು, ಬೆರಳು ಮಾತ್ರ ಉಳಿದಾಗ ಕೇಳಹೋದರೆ ಎಷ್ಟು ಸಿಕ್ಕೀತು?

ಕೊರಟಗೆರೆಯ ಸೋದರಿಗೆ ನನ್ನ ಉತ್ತರ ಇಷ್ಟೇ. ತಮ್ಮ ತಾತನವರು ಬರೆದಿಡಲಿಲ್ಲವೆಂದು ವ್ಯಸನ ಬೇಡ. ನಮ್ಮ ದೊಡ್ಡಪ್ಪನವರೂ ಒಂದಕ್ಷರ ಬರೆದಿಟ್ಟವರಲ್ಲ. ತಾತನವರಿಂದ ಕತೆ ಕೇಳಿದವರು ಇನ್ನೂ ಯಾರಾದರೂ ಇದ್ದಾರು: ಸೋದರತ್ತೆ, ನೆರೆಮನೆಯವರು, ಶಿರಾದಲ್ಲೋ ಪಾವಗಡದಲ್ಲೋ ಇರುವ ಹಳೆಯ ಸ್ನೇಹಿತರು. ಈ ವಾರವೇ ಹೋಗಿ ಕೇಳಿ, ಕೇಳಿದಷ್ಟನ್ನು ಊರು ವರ್ಷಗಳ ಸಹಿತ ಒಂದು ನೋಟುಪುಸ್ತಕದಲ್ಲಿ ಬರೆದಿಡಿರಿ. ಗೊತ್ತಿಲ್ಲದ ಕಡೆ ಬರಿದಾಗಿ ಬಿಡಿ, ಕಲ್ಪಿಸಿ ತುಂಬಬೇಡಿ. ಇನ್ನು ಮನೆಯಲ್ಲಿ ಹಿರಿಯರು ಇರುವವರಿಗೆ ಒಂದು ಮಾತು: ಅವರು ಏನನ್ನಾದರೂ ಕಲಿಸುವೆನೆಂದು ಕರೆದಾಗ, ಅದು ಕಸೂತಿಯಾಗಲಿ, ಕಷಾಯವಾಗಲಿ, ಈ ಕಾಲಕ್ಕೆ ನಿರುಪಯೋಗವೆಂದು ತೋರುವ ಯಾವ ವಿದ್ಯೆಯೇ ಆಗಲಿ, ಮಕ್ಕಳನ್ನು ಹತ್ತು ನಿಮಿಷ ಕೂರಿಸಿರಿ. ಯಾವುದು ಯಾವಾಗ ಬೇಕಾಗುವುದೋ ಯಾರೂ ಬಲ್ಲವರಲ್ಲ.

ಆ ಮೂರು ಅಕ್ಷರಗಳನ್ನು ನಾನು ಪಂಚಾಂಗದ ಹಿಂದಿನ ಪುಟದಲ್ಲಿ ಬರೆದುಕೊಂಡಿದ್ದೇನೆ. ಕಳೆದ ವರ್ಷ ನಿವೃತ್ತನಾದ ಮೇಲೆ ಮೊಮ್ಮಗಳಿಗೆ ಲಘು-ಗುರುಗಳನ್ನು ಹೇಳಿಕೊಡುತ್ತಿದ್ದೇನೆ. ಮಣೆಯ ಅಂಚಿನ ಮೇಲೆಯೇ. ಅವಳು ಇನ್ನೂ ಸಗಣದವರೆಗೆ ಬಂದಿದ್ದಾಳೆ.